ಗಾಯಕಿ, ಪೇಟಿಯವನು, ಬಾಯಿಗೆ ಬಾರದ ಮಾತು: ನಾಟಕಕ್ಕೆ ಸಂಗೀತದ ವಿವರ ಬೇಕಿತ್ತು

ಜಗಲಿಕಟ್ಟೆ
ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಹವ್ಯಾಸಿ ತಂಡಕ್ಕೆ 45 ನಿಮಿಷದ ನಾಟಕ, ಅರ್ಧಕ್ಕೆ ನಿಂತಿದೆ. ಕಾಲ 1968. ಹಿಂದೂಸ್ತಾನಿ ಹಾಡುವ ಹುಡುಗಿ, ಅವಳಿಗೆ ಎಂಟು ವರ್ಷದಿಂದ ಹಾರ್ಮೋನಿಯಂ (ಪೇಟಿ) ಸಾಥ್, ಅಂದರೆ ಪಕ್ಕವಾದ್ಯ, ಕೊಡುತ್ತಿರುವವನು. ಇಬ್ಬರಿಗೂ ಮನಸ್ಸಿದೆ, ಇಬ್ಬರೂ ಬಾಯಿ ಬಿಟ್ಟಿಲ್ಲ.

ಈಗಿನ ಕರಡು ಹೀಗಿದೆ. ಒಂದನೇ ದೃಶ್ಯ, ಮನೆ ಜಗಲಿಯಲ್ಲಿ ಅಭ್ಯಾಸ. ಎರಡನೇದು ಧಾರವಾಡ ಆಕಾಶವಾಣಿ: ಬಾಗೇಶ್ರೀ ರಾಗ, ವಿಲಂಬಿತ (ನಿಧಾನಗತಿಯ) ಏಕತಾಲ, ಮೂರು ನಿಮಿಷ. ಹಾಡ್ತಾ ಹಾಡ್ತಾ ಅವಳು ಬಲಕ್ಕೆ ತಿರುಗಿ ಅವನನ್ನು ನೋಡ್ತಾಳೆ. ಮೂರನೇದು ಕಾರವಾರದ ಕಡಲ ದಂಡೆ, ಸೂರ್ಯ ಮುಳುಗೋ ಹೊತ್ತು, ಅವನು ಹೇಳಿಬಿಡ್ತಾನೆ.

ಬರೆದವನಿಗೇ ಸುಳ್ಳು ಅನ್ನಿಸ್ತಾ ಇದೆ. ಎಲ್ಲಿ ಸುಳ್ಳು ಅಂತ ಗೊತ್ತಾಗ್ತಿಲ್ಲ. ಸಂಗೀತ ಬಲ್ಲವರು ಹೇಳಿ.

ಕಪ್ಪುನಾಲ್ಕು
ಬಲಕ್ಕೆ ತಿರುಗಿದರೆ ಅವಳಿಗೆ ಕಾಣೋದು ತಬಲಾದವನು! ಹಿಂದೂಸ್ತಾನಿ ವೇದಿಕೆಯಲ್ಲಿ ತಬಲಾ ಗಾಯಕರ ಬಲಗೈ ಕಡೆ, ಪೇಟಿ ಎಡಗೈ ಕಡೆ, ತಂಬೂರಿ ಬೆನ್ನ ಹಿಂದೆ. ಕೆಳಗೆ ಕೂತವರಿಗೆ ಇದು ತಿರುಗಾಮುರುಗಾ ಕಾಣುತ್ತೆ. ಅದಕ್ಕೇ ನಾಟಕದವರು, ಸಿನಿಮಾದವರು ಎಲ್ಲರೂ ತಪ್ಪೋದು.

ಇನ್ನು ತಾಳ. ಏಕತಾಲದ ಒಂದು ಆವರ್ತನಕ್ಕೆ, ಅಂದರೆ ಒಂದು ಸುತ್ತಿಗೆ, 12 ಮಾತ್ರೆ (ಎಣಿಕೆ). ವಿಲಂಬಿತದಲ್ಲಿ ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೂ ಒಂದು ಆವರ್ತನಕ್ಕೆ 48 ಸೆಕೆಂಡು. ನಿಮ್ಮ ಮೂರು ನಿಮಿಷಕ್ಕೆ ನಾಲ್ಕು ಆವರ್ತನವೂ ತುಂಬಲ್ಲ. ಸಂಗೀತ ಗೊತ್ತಿಲ್ಲದ ಪ್ರೇಕ್ಷಕನಿಗೆ ಸಮ್ (ಆವರ್ತನದ ಮೊದಲ ಮಾತ್ರೆ) ಎಲ್ಲಿ ಬಂತು ಅಂತ ತಿಳಿಯೋದರೊಳಗೆ ದೃಶ್ಯ ಮುಗಿದಿರುತ್ತೆ. ಮಧ್ಯಲಯದ ರೂಪಕ ಹಿಡೀರಿ. ಏಳು ಮಾತ್ರೆ, ಐದು ಸೆಕೆಂಡಿಗೊಂದು ಆವರ್ತನ. ಮೂರು ನಿಮಿಷದಲ್ಲಿ ಮೂವತ್ತಾರು ಸಲ ಇಬ್ಬರೂ ಸಮ್ಮಿಗೆ ಬಂದು ಸೇರ್ತಾರೆ. ಎರಡು ಸಲ ಅವಳು ನೋಡಲಿ, ಮೂರನೇ ಸಲ ನೋಡದೇ ಇರಲಿ. ಎಲ್ಲರಿಗೂ ಅರ್ಥ ಆಗುತ್ತೆ.

ಅಪ್ಪೆಹುಳಿ
ರೂಪಕದಲ್ಲಿ ಸಮ್ಮೇ ಖಾಲಿ ಅಲ್ವಾ? ಮೊದಲ ಮಾತ್ರೆಗೇ ಕೈ ತಟ್ಟಲ್ಲ, ಬೀಸ್ತಾರೆ. ಹೇಳದ ಪ್ರೀತಿಗೆ ಹೇಳಿ ಮಾಡಿಸಿದ ತಾಳ.

ಕಪ್ಪುನಾಲ್ಕು
ಹೌದು, ಆದರೆ ದಯವಿಟ್ಟು ಪಾತ್ರದ ಬಾಯಲ್ಲಿ ಅದನ್ನ ಹೇಳಿಸಬೇಡಿ. ಗೊತ್ತಿರೋರಿಗೆ ಗೊತ್ತಾಗಲಿ ಬಿಡಿ.

ಹಳೇರೇಡಿಯೋ
ನೀವೆಲ್ಲ ಚಿಲ್ಲರೆ ತಪ್ಪು ಹಿಡೀತಿದೀರಿ, ದೊಡ್ಡದು ಹಾಗೇ ಕೂತಿದೆ. 1968ರಲ್ಲಿ ಆಕಾಶವಾಣಿಯೊಳಗೆ ಹಾರ್ಮೋನಿಯಂಗೆ ಪ್ರವೇಶವೇ ಇರಲಿಲ್ಲ. 1940ರಲ್ಲಿ ನಿಷೇಧ ಹಾಕಿದ್ದು, ಸಡಿಲ ಆಗಿದ್ದು 1971ರಲ್ಲಿ. ಕಾರಣ ಎರಡು ಹೇಳ್ತಿದ್ರು: ಸ್ವರದಿಂದ ಸ್ವರಕ್ಕೆ ಜಾರೋಕೆ, ಅಂದರೆ ಮೀಂಡ್‌ಗೆ, ಪೇಟಿಗೆ ಬರಲ್ಲ, ಕೀಗಳ ಶ್ರುತಿ ನಮ್ಮ ರಾಗಗಳಿಗೆ ಹೊಂದಲ್ಲ. ಧಾರವಾಡ ನಿಲಯ 1950ರಿಂದ ಇದೆ ನಿಜ, ಆದರೆ ನಿಮ್ಮ ಹೀರೋ ಪೇಟಿ ಹೊತ್ತುಕೊಂಡು ಹೋದರೆ ಸ್ಟುಡಿಯೋ ಬಾಗಿಲಲ್ಲೇ ವಾಪಸ್. ಹುಡುಗಿಗೆ ಸಾಥ್ ಕೊಡೋದು ನಿಲಯದ ಸಾರಂಗಿಯವರು.

ಇನ್ನೂ ಎರಡು. ಯಾವ ಪಾತ್ರವೂ "ಕರ್ನಾಟಕ ರಾಜ್ಯ" ಅನ್ನಬಾರದು, ಆಗ ಅದು ಮೈಸೂರು ರಾಜ್ಯ, ಹೆಸರು ಬದಲಾಗಿದ್ದು 1973ರಲ್ಲಿ. ಮತ್ತೆ ಅಭ್ಯಾಸದ ದೃಶ್ಯದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇಟ್ಟೀರಿ ಜೋಕೆ. ಅದು ಬಂದದ್ದು 70ರ ದಶಕದ ಕೊನೆಗೆ.

ಜಗಲಿಕಟ್ಟೆ
ಹೋಯ್ತು. ಎರಡನೇ ದೃಶ್ಯ ಪೂರ್ತಿ ಹೋಯ್ತು. 1972ಕ್ಕೆ ತಳ್ಳಿಬಿಡ್ಲಾ?

ದೇವಿಮನೆಘಾಟಿ
ತಳ್ಳಿದ್ರೆ ನಿಮ್ಮಂಥ ದಡ್ಡ ಇನ್ನೊಬ್ಬ ಇಲ್ಲ. ಹೋಗಿದ್ದಲ್ಲ, ಈಗ ಸಿಕ್ಕಿದ್ದು ದೃಶ್ಯ! ಅವಳು ಮುಂಡಗೋಡದ ಮೇಲೆ ಹುಬ್ಬಳ್ಳಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗ್ತಾಳೆ, ಜೊತೆಗೆ ಸೋದರಮಾವ. ಎಂಟು ವರ್ಷ ಸಾಥ್ ಕೊಟ್ಟವನು ಶಿರಸಿಯಲ್ಲೇ ಉಳೀತಾನೆ, ಊರಿನವರ ಜೊತೆ ರೇಡಿಯೋ ಮುಂದೆ ಕೂತು ಕೇಳ್ತಾನೆ. ಅವಳ ಪಕ್ಕದಲ್ಲಿ ಸಾರಂಗಿ. ಅವಳು ಗಾಂಧಾರದಿಂದ ಪಂಚಮಕ್ಕೆ ಜಾರಿದರೆ ಸಾರಂಗಿಯೂ ಕೂದಲಿನಷ್ಟು ಹಿಂದೆ ಜಾರ್ತಾ ಹೋಗುತ್ತೆ. ಪೇಟಿಗೆ ಜನ್ಮದಲ್ಲಿ ಆಗದ ಕೆಲಸ ಅದು. ಅದನ್ನ ಅವನು ಎಲ್ಲರ ಎದುರು ಕೂತು ಕೇಳಬೇಕು.

ಅಪ್ಪೆಹುಳಿ
ಇದು ದೃಶ್ಯ!!

ಹಳೇರೇಡಿಯೋ
ಒಪ್ಪಿದೆ. ಸಾಮಾನು ಹೇಳ್ತೀನಿ ಬರ್ಕೊಳ್ಳಿ. ಕರೆಂಟು ಇಲ್ಲದ ಮನೆಯಾದರೆ ಬ್ಯಾಟರಿ ಟ್ರಾನ್ಸಿಸ್ಟರ್. ಇರೋ ಮನೆಯಾದರೆ ವಾಲ್ವ್ ಸೆಟ್ಟು, ಹಾಕಿದ ಕೂಡಲೇ ಸದ್ದು ಬರಲ್ಲ, ವಾಲ್ವ್ ಬಿಸಿ ಆಗಬೇಕು. ಹತ್ತಿಪ್ಪತ್ತು ಸೆಕೆಂಡು ಎಲ್ಲರೂ ಡಯಲ್ಲಿನ ದೀಪ ನೋಡ್ತಾ ಸುಮ್ಮನೆ ಕೂತಿರ್ತಾರೆ. ನಾಟಕಕ್ಕೆ ಇದಕ್ಕಿಂತ ಒಳ್ಳೆ ಮೌನ ಸಿಗಲ್ಲ. ಮೀಡಿಯಂ ವೇವ್ ಆದ್ದರಿಂದ ಎಲ್ಲಿ ಮಿಂಚಿದರೂ ಚರ್ ಅನ್ನುತ್ತೆ. ಮಳೆಗಾಲದಲ್ಲಿ ಇಡಿ ದೃಶ್ಯವನ್ನ, ಅವಳ ತಾರ ಷಡ್ಜದ ಹೊತ್ತಿಗೇ ಮಿಂಚಲಿ. ಗೋಡೆ ಮೇಲೆ ರೇಡಿಯೋ ಲೈಸೆನ್ಸ್ ಪುಸ್ತಕ ನೇತು ಹಾಕಿದ್ರೂ ತಪ್ಪಲ್ಲ, ಪೋಸ್ಟಾಫೀಸಲ್ಲಿ ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕಿತ್ತು.

ರೀಡ್‌ಮೇಸ್ತ್ರಿ
ರೇಡಿಯೋ ದೃಶ್ಯದಲ್ಲಿ ಅವನ ತೊಡೆ ಮುಂದೆ ಪೇಟಿ ಇರಲಿ. ಅವಳ ಜೊತೆಗೇ ಬಾರಿಸಲಿ, ಸದ್ದಿಲ್ಲದೆ.

ಹೇಗೆ ಅಂದ್ರೆ: ಮುಂದಿನ ಸ್ಟಾಪರ್‌ಗಳನ್ನೆಲ್ಲ ಒಳಕ್ಕೆ ತಳ್ಳಿದರೆ ರೀಡಿಗೆ (ಸ್ವರ ಹೊಮ್ಮಿಸೋ ಹಿತ್ತಾಳೆ ನಾಲಿಗೆಗೆ) ಗಾಳಿ ಹೋಗಲ್ಲ. ಬರೇ ತಿದಿ (ಗಾಳಿ ತುಂಬೋ ಭಾಗ) ಒತ್ತದೆ ಇದ್ದರೆ ಸಾಲದು, ಒಳಗಿನ ತಿದಿಯಲ್ಲಿ ಸ್ಪ್ರಿಂಗಿನ ಒತ್ತಡಕ್ಕೆ ಗಾಳಿ ಉಳಿದಿರುತ್ತೆ, ಮೊದಲ ಕೀ ಮುಟ್ಟಿದ ಕೂಡಲೇ ನಾಯಿಮರಿ ಥರ ಕುಂಯ್ ಅನ್ನುತ್ತೆ. ಆದ್ದರಿಂದ ಮೊದಲು ಒಂದು ಕೀ ಒತ್ತಿ ಹಿಡಿದು ಗಾಳಿ ಪೂರ್ತಿ ಬಿಡಬೇಕು, ಆಮೇಲೆ ಸ್ಟಾಪರ್ ತಳ್ಳಬೇಕು. ನಂತರ ಬಾರಿಸಿದರೆ ಬರೋದು ಮರದ ಸದ್ದು ಮಾತ್ರ: ಟಕ್, ಟಕ್ಟಕ್, ಟಕ್. ಕೀ ಕೆಳಗಿನ ಬಟ್ಟೆ ಸವೆದ ಹಳೇ ಪೇಟಿಯಾದ್ರೆ ಇನ್ನೂ ಸ್ಪಷ್ಟ. ಪೇಟಿಯ ಹಿಂದೆ ಸಣ್ಣ ಮೈಕ್ ಇಟ್ಟರೆ ಕೊನೇ ಸಾಲಿಗೂ ಕೇಳುತ್ತೆ.

ಕಪ್ಪುನಾಲ್ಕು
ಮೇಸ್ತ್ರಿಗಳೇ ಕೈ ಮುಗಿದೆ.

ಲೆಕ್ಕದಮಾಸ್ತರ
ಎಲ್ಲರೂ ಕರಗಿ ನೀರಾದ್ರಿ. ನನಗೊಂದು ತಕರಾರಿದೆ. ಇದು ಪ್ರೀತಿ ಅಂತ ಯಾವ ಆಧಾರದ ಮೇಲೆ? ಸಾಥ್ ಅನ್ನೋದು ಕೆಲಸ. ಗಾಯಕಿ ಉಸಿರು ತಗೊಳ್ಳೋವಾಗ ಅವಳ ಕೊನೇ ಸ್ವರಪುಂಜವನ್ನ ಹಿಡಿದು ನಿಲ್ಲಿಸಬೇಕು, ಆಲಾಪದಲ್ಲಿ ಅರ್ಧ ಹೆಜ್ಜೆ ಹಿಂದಿರಬೇಕು, ಅವಳು ಮುಟ್ಟದ ಸ್ವರವನ್ನ ತಾನು ಮೊದಲು ತೋರಿಸಬಾರದು, ತಾನಿನಲ್ಲಿ (ವೇಗದ ಸ್ವರಸಾಲಿನಲ್ಲಿ) ಪೂರ್ತಿ ಬಾರಿಸದೆ ನೆರಳು ಕೊಡಬೇಕು. ಒಳ್ಳೆ ಪೇಟಿಯವನು ಇದನ್ನ ವಾರಕ್ಕೆ ಐದು ಜನಕ್ಕೆ ಮಾಡ್ತಾನೆ, ಅದರಲ್ಲಿ ಮೂವರು ಬೊಕ್ಕತಲೆಯ ಗಂಡಸರು. ಅವರ ಮೇಲೂ ಪ್ರೀತಿಯಾ?

ದೇವಿಮನೆಘಾಟಿ
ಮಾಸ್ತರೇ, ಒಂದೊಂದು ಸಲ ಇರುತ್ತೆ 😄

ಲೆಕ್ಕದಮಾಸ್ತರ
ನಗಬೇಡಿ. ಐದು ಜನಕ್ಕೆ ಮಾಡೋದನ್ನೇ ಇವಳಿಗೂ ಮಾಡಿದರೆ ಅದು ಕಸುಬು. ಇವಳಿಗೆ ಮಾತ್ರ ಮಾಡಿದ ಒಂದು ಕೆಲಸ ವೇದಿಕೆ ಮೇಲೆ ಕಾಣಬೇಕು. ಮಾಡಿದ್ದಕ್ಕೆ ಅವನಿಗೆ ನಷ್ಟವೂ ಆಗಿರಬೇಕು. ಅಂಥದ್ದು ಏನಿದೆ ಹೇಳಿ.

ರೀಡ್‌ಮೇಸ್ತ್ರಿ
ಇದೆ. ರೀಡ್ ಕೆರೆಯೋದು.

ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ. ಹುಡುಗಿಯ ಶ್ರುತಿ, ಅಂದರೆ ಅವಳ ಷಡ್ಜ, ಕಪ್ಪು ನಾಲ್ಕು (ಸಪ್ತಕದ ನಾಲ್ಕನೇ ಕಪ್ಪು ಕೀ) ಅಂತ ಇಟ್ಟುಕೊಳ್ಳಿ, ಹೆಂಗಸರಿಗೆ ಮಾಮೂಲಿನದು. ಆಗ ಅವಳ ಶುದ್ಧ ಗಾಂಧಾರ ಬೀಳೋದು ಬಿಳಿ ಒಂದರ ಮೇಲೆ. ಪೇಟಿಯಲ್ಲಿ ಸಪ್ತಕವನ್ನ ಹನ್ನೆರಡು ಸಮ ಪಾಲು ಮಾಡಿರ್ತಾರೆ, ಪಾಲಿಗೆ 100 ಸೆಂಟ್. ಆ ಲೆಕ್ಕದಲ್ಲಿ ಗಾಂಧಾರ 400ಕ್ಕೆ. ಆದರೆ ತಂಬೂರಿ ಸರಿಯಾಗಿ ಮಿಡಿದರೆ ಖರ್ಜದ (ಕೆಳಗಿನ ಷಡ್ಜದ) ತಂತಿಯೊಳಗಿಂದ ತಾನಾಗಿ ಕೇಳೋ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗೆ. ತಂಬೂರಿ ಕಿವಿಯ ಹುಡುಗಿ ಹಾಡೋದು ಆ ಕೆಳಗಿನದನ್ನ. ಅವಳು ಗಾಂಧಾರದ ಮೇಲೆ ನಿಂತಾಗ ಪೇಟಿಯೂ ಅದೇ ಕೀ ಹಿಡಿದರೆ ಎರಡರ ನಡುವೆ ಅಲೆ ಏಳುತ್ತೆ, ವಂವಂವಂ ಅಂತ. ಜಾಣ ಪೇಟಿಯವನು ಅಲ್ಲಿ ಕೀ ಬಿಟ್ಟು ಷಡ್ಜ ಪಂಚಮ ಇಟ್ಟುಕೊಂಡು ಸುಮ್ಮನಿರ್ತಾನೆ.

ನಿಮ್ಮವನು ಸುಮ್ಮನಿರಲ್ಲ. ರಾತ್ರಿ ಲಾಟೀನು ಇಟ್ಟುಕೊಂಡು ಪೇಟಿ ಬಿಚ್ಚುತ್ತಾನೆ. ಹಿತ್ತಾಳೆ ನಾಲಿಗೆ ಕೆಳಗೆ ತೆಳು ತಗಡು ತೂರಿಸಿ ಆಧಾರ ಕೊಡ್ತಾನೆ, ಇಲ್ಲದಿದ್ರೆ ನಾಲಿಗೆ ಬಗ್ಗಿ ಸತ್ತೇ ಹೋಗುತ್ತೆ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತೆ, ರಿವೆಟ್ಟಿನ ಹತ್ತಿರ ಬುಡದಲ್ಲಿ ಕೆರೆದರೆ ಇಳಿಯುತ್ತೆ. ಇಲ್ಲಿ ಬುಡದಲ್ಲಿ. ಅರ ಎರಡು ಸಲ ಆಡಿಸು, ತಗಡು ತೆಗಿ, ಗಾಳಿ ಕೊಡು, ತಂಬೂರಿಗೆ ಹೋಲಿಸು. ಕೆರೆದ ಬಿಸಿ ಆರುವ ತನಕ ಕಾಯಬೇಕು, ಇಲ್ಲದಿದ್ರೆ ಮೋಸ ಹೋಗ್ತೀರಿ. ಅಲೆ ನಿಧಾನ ಆಗ್ತಾ ಆಗ್ತಾ ಒಂದು ಗಳಿಗೆಗೆ ನಿಂತೇ ಹೋಗುತ್ತೆ. ಅಲ್ಲಿಗೆ ಅರ ಕೆಳಗಿಡಬೇಕು. ಇನ್ನೊಂದು ಸಲ ಆಡಿಸಿದ್ರೋ, ಕೆಟ್ಟಿತು.

ಒಂದು ನಾಲಿಗೆ ಕೆರೆದರೆ ಮುಗೀಲಿಲ್ಲ. ಮೂರು ಸಪ್ತಕದ ಡಬಲ್ ರೀಡ್ ಪೇಟಿಯಲ್ಲಿ ಬಿಳಿ ಒಂದಕ್ಕೆ ಕನಿಷ್ಠ ಆರು ನಾಲಿಗೆ. ಎಲ್ಲವನ್ನೂ ಇಳಿಸಬೇಕು, ಇಲ್ಲದಿದ್ರೆ ಅವುಗಳೊಳಗೇ ಜಗಳ. ಒಂದು ರಾತ್ರಿಯ ಕೆಲಸ.

ಲೆಕ್ಕದಮಾಸ್ತರ
ಚಂದ ಇದೆ. ಆದ್ರೂ ಶ್ರುತಿ ಮಾಡಿಸಿಕೊಳ್ಳೋದು ಪೇಟಿಯವರಿಗೆಲ್ಲ ಮಾಮೂಲು. ನಷ್ಟ ಎಲ್ಲಿ?

ರೀಡ್‌ಮೇಸ್ತ್ರಿ
ಅವನಿಗಿರೋದು ಒಂದೇ ಪೇಟಿ. ಹೊಟ್ಟೆಪಾಡೂ ಅದೇ. ಬಿಳಿ ನಾಲ್ಕಕ್ಕೆ ಹಾಡೋ ಹುಡುಗರಿಗೆ ಬಿಳಿ ಒಂದು ಪಂಚಮ. ಪಂಚಮ 14 ಸೆಂಟ್ ಇಳಿದರೆ ಕಿವಿ ಇಲ್ಲದವನಿಗೂ ಚುಚ್ಚುತ್ತೆ. ಬಿಳಿ ಒಂದಕ್ಕೇ ಹಾಡೋ ಗಂಡಸು ಬಂದ್ರೆ ಷಡ್ಜವೇ ಇಳಿದಿರುತ್ತೆ. ಭಜನೆ ಮಂಡಳಿಯವರು ಕರೆಯೋದು ನಿಲ್ಲಿಸ್ತಾರೆ. ಮತ್ತೆ ಸರಿ ಮಾಡಬೇಕಂದ್ರೆ ತುದಿಯಲ್ಲಿ ಕೆರೀಬೇಕು, ನಾಲಿಗೆ ಇನ್ನಷ್ಟು ತೆಳು, ಮುರಿಯೋ ಭಯ.

ಲೆಕ್ಕದಮಾಸ್ತರ
ಈಗ ಒಪ್ಪಿದೆ. ಮೊದಲ ದೃಶ್ಯದಲ್ಲೇ ಬೇರೆ ಗಾಯಕನೊಬ್ಬ ಬಂದು "ಭಟ್ರೇ, ನಿಮ್ಮ ಬಿಳಿ ಒಂದು ಇಳಿದಿದ್ಯಲ್ಲ, ಯಾಕೆ?" ಅಂತ ಕೇಳಲಿ. ಅವನು "ಮಳೆಗಾಲ" ಅನ್ನಲಿ. ಮುಗೀತು.

ಅಪ್ಪೆಹುಳಿ
"ಮಳೆಗಾಲ" 😭😭

ರೀಡ್‌ಮೇಸ್ತ್ರಿ
ಒಳ್ಳೆ ಸುಳ್ಳು, ಯಾಕಂದ್ರೆ ಅರ್ಧ ನಿಜ. ಶಿರಸಿ ಮಳೆಗೆ ಪೇಟಿ ಕೆಡೋದು ಇದ್ದೇ ಇದೆ. ಮರ ನೀರು ಕುಡಿದು ಕೀಗಳು ಒಂದಕ್ಕೊಂದು ಒತ್ತಿಕೊಳ್ತವೆ, ಒತ್ತಿದ್ದು ಮೇಲೆ ಬರಲ್ಲ, ಸ್ವರ ಕೂಗ್ತಾನೇ ಇರುತ್ತೆ. ತಿದಿಯ ಚರ್ಮಕ್ಕೆ ಬೂಷ್ಟು. ಕಬ್ಬಿಣದ ಸ್ಪ್ರಿಂಗಿಗೆ ತುಕ್ಕು. ಆದರೆ ತೇವಕ್ಕೆ ಒಂದೇ ಕೀಯ ಆರೂ ನಾಲಿಗೆ ಲೆಕ್ಕ ಹಾಕಿ 14 ಸೆಂಟ್ ಇಳಿಯಲ್ಲ. ಕೇಳಿದ ಗಾಯಕನಿಗೂ ಅದು ಗೊತ್ತಿರಬೇಕು, ಆದ್ರೂ ಸುಮ್ಮನಾಗಬೇಕು.

ಬಿಡ್ತಿಗೆ
ಇಷ್ಟೆಲ್ಲ ತಾಪತ್ರಯ ಯಾಕೆ? ನಮ್ಮ ಜಿಲ್ಲೆಯ ನಾಟಕ, ಯಕ್ಷಗಾನದ ಹಿಮ್ಮೇಳ ಇಡಿ. ಹಾಡೋ ಭಾಗವತರು ಮತ್ತು ಮದ್ದಳೆಗಾರ. ಮದ್ದಳೆಯ ಬಲಬದಿ ಭಾಗವತರ ಶ್ರುತಿಗೇ ಇರಬೇಕು. ಶೃಂಗಾರ ಪದ್ಯದ ಕೊನೆಗೆ ಭಾಗವತರು ಎಳೆದಷ್ಟೂ ಕಾದು ಮುಕ್ತಾಯ ಕೊಡೋದು ಅಂದ್ರೆ ಸುಲಭ ಅಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ನೆಲ ಇದು, ನೀವು ಧಾರವಾಡದ ಬಸ್ಸು ಹತ್ತಿಸ್ತಿದೀರಿ.

ಹಳೇರೇಡಿಯೋ
1968ರಲ್ಲಿ ನಮ್ಮ ಕಡೆ ಮೇಳದ ಹಿಮ್ಮೇಳದಲ್ಲಿ ಹೆಂಗಸು ಎಲ್ಲಿಂದ ತರ್ತೀರಿ?

ಬಿಡ್ತಿಗೆ
ತೆಂಕುತಿಟ್ಟಿನಲ್ಲಿ (ದಕ್ಷಿಣದ ಯಕ್ಷಗಾನ ಶೈಲಿ) ಲೀಲಾವತಿ ಬೈಪಾಡಿತ್ತಾಯರು ಭಾಗವತಿಕೆ ಮಾಡಿಲ್ವಾ? ಪತಿ ಹರಿನಾರಾಯಣ ಬೈಪಾಡಿತ್ತಾಯರೇ ಚೆಂಡೆ ಮದ್ದಳೆ.

ಹಳೇರೇಡಿಯೋ
ಅವರು ಗಂಡ ಹೆಂಡತಿ ಮಾರಾಯ್ರೇ. ಹೇಳದ ಪ್ರೀತಿಗೆ ಅಲ್ಲೇನು ಕೆಲಸ?

ಬಿಡ್ತಿಗೆ
ಮದುವೆಯಾದವರೆಲ್ಲ ಹೇಳಿದಾರೆ ಅಂತ ನಿಮಗ್ಯಾರು ಹೇಳಿದ್ದು!

(ಆದ್ರೂ ಒಪ್ಪಿದೆ, ಪೇಟಿಯೇ ಇರಲಿ. ನಮ್ಮ ಕಡೆಯ ಬಡಗುತಿಟ್ಟಿನ ಹಿಮ್ಮೇಳದಲ್ಲಿ ಪೇಟಿಗೆ ಶ್ರುತಿ ಹಿಡಿಯೋದಷ್ಟೇ ಕೆಲಸ, ಇವನ ಕಥೆ ಅಲ್ಲಿ ನಡೆಯಲ್ಲ.)

ಕಪ್ಪುನಾಲ್ಕು
ರಾಗದ ವಿಷಯ ಉಳೀತು. ಮೇಸ್ತ್ರಿಗಳ ಗಾಂಧಾರ ಇಟ್ಟುಕೊಂಡರೆ ಬಾಗೇಶ್ರೀ ಹೋಯ್ತು. ಅದರಲ್ಲಿ ಗಾಂಧಾರ ಕೋಮಲ, ಬೇರೆ ಕೀ. ಶುದ್ಧ ಗಾಂಧಾರ ಎದ್ದು ನಿಲ್ಲೋ ರಾಗ ಬೇಕು. ಕಲಾವತಿ ಹಿಡೀರಿ: ಸ ಗ ಪ ಧ, ಕೋಮಲ ನಿ. ರಿಷಭ ಇಲ್ಲ, ಮಧ್ಯಮ ಇಲ್ಲ. ಷಡ್ಜ ಬಿಟ್ಟರೆ ಮೊದಲ ಮೆಟ್ಟಿಲೇ ಗಾಂಧಾರ, ಅಡಗಿಸಿಕೊಳ್ಳೋಕೆ ಜಾಗವಿಲ್ಲ. ಪಂಚಮ ಇರೋದ್ರಿಂದ ತಂಬೂರಿಯ ಮೊದಲ ತಂತಿ ಪಂಚಮಕ್ಕೆ. ಬಾಗೇಶ್ರೀಗೆ ಅದನ್ನ ಮಧ್ಯಮಕ್ಕೆ ಇಳಿಸಬೇಕಿತ್ತು.

ಅಪ್ಪೆಹುಳಿ
1968ರಲ್ಲಿ ಹಿಂದೂಸ್ತಾನಿಯಲ್ಲಿ ಕಲಾವತಿ ಇತ್ತಾ?

ಕಪ್ಪುನಾಲ್ಕು
ಇತ್ತು. ದಕ್ಷಿಣದ ವಲಜಿ ಅದೇ. ಅಭೋಗಿ ಹೋದ ಹಾಗೇ ಇದೂ ಉತ್ತರಕ್ಕೆ ಹೋಗಿ ನೆಲೆ ನಿಂತದ್ದು.

ಅಭೋಗಿ ಅಂದಾಗ ನೆನಪಾಯ್ತು, ಇದನ್ನ ಬಿಡಬೇಡಿ. ನಿಮ್ಮವನಿಗೂ ಒಂದು ಕಂಠ ಇರುತ್ತಲ್ಲ, ಪೇಟಿಯವರೆಲ್ಲ ಒಬ್ಬರೇ ಇದ್ದಾಗ ಗುನುಗ್ತಾರೆ. ಅವನ ಶ್ರುತಿ ಕಪ್ಪು ಎರಡು ಅಂತ ಇಡಿ. ಅಭೋಗಿ: ಸ ರಿ, ಕೋಮಲ ಗ, ಮ ಧ. ಕಪ್ಪು ಎರಡರಿಂದ ಹಾಕಿದರೆ ಕೀಗಳು: ಕಪ್ಪು ಎರಡು, ಬಿಳಿ ನಾಲ್ಕು, ಕಪ್ಪು ಮೂರು, ಕಪ್ಪು ನಾಲ್ಕು, ಬಿಳಿ ಒಂದು. ಈಗ ಅವಳ ಕಲಾವತಿಯನ್ನ ಕಪ್ಪು ನಾಲ್ಕರಿಂದ ಹಾಕಿ: ಕಪ್ಪು ನಾಲ್ಕು, ಬಿಳಿ ಒಂದು, ಕಪ್ಪು ಎರಡು, ಬಿಳಿ ನಾಲ್ಕು, ಕಪ್ಪು ಮೂರು.

ಅವೇ ಐದು ಕೀ! ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಅವಳ ಷಡ್ಜ ಅವನಿಗೆ ಮಧ್ಯಮ.

ದೇವಿಮನೆಘಾಟಿ
ಮೈ ಜುಂ ಅಂತು. ಪಂಡಿತ್ ಜಸರಾಜ್ ಅವರ ಜಸರಂಗಿ ಜುಗಲ್‌ಬಂದಿ ಇದೇ ಅಲ್ವಾ? ಗಂಡಸು ಹೆಂಗಸು ತಂತಮ್ಮ ಶ್ರುತಿಯಲ್ಲಿ ಬೇರೆ ಬೇರೆ ರಾಗ ಹಾಡ್ತಾರೆ.

ಕಪ್ಪುನಾಲ್ಕು
ತತ್ವ ಅದೇ, ಮೂರ್ಛನೆ: ಅವೇ ಸ್ವರ, ಷಡ್ಜ ಮಾತ್ರ ಬೇರೆ. ಆದರೆ 1968ರ ನಾಟಕದಲ್ಲಿ ಜಸರಂಗಿ ಅನ್ನೋ ಹೆಸರು ಎತ್ತಬೇಡಿ. ಹೆಸರು ಬೇಕಾಗೂ ಇಲ್ಲ, ಕೀ ಮೇಲೆ ಕೈ ಆಡಿಸೋ ಯಾರಿಗಾದ್ರೂ ತಾನಾಗಿ ಕಾಣುತ್ತೆ. ಗಂಡಸು ಹೆಂಗಸು ಒಟ್ಟಿಗೆ ಹಾಡೋದರ ಮೂಲ ತೊಂದರೆಯೇ ಶ್ರುತಿ. ಕಪ್ಪು ನಾಲ್ಕಕ್ಕೆ ಅವನು ಏರಿದರೆ ಕಿರುಚ್ತಾನೆ, ಕಪ್ಪು ಎರಡಕ್ಕೆ ಅವಳು ಇಳಿದರೆ ಕೆಳಗಿನ ಸ್ವರ ನುಂಗಿ ಹೋಗುತ್ತೆ. ಇಲ್ಲಿ ಯಾರೂ ಜಾಗ ಬಿಡಬೇಕಾಗಿಲ್ಲ.

ರೇಡಿಯೋದಲ್ಲಿ ಅವಳು ಕಲಾವತಿ ಹಾಡ್ತಾಳೆ. ಅವನ ಬೆರಳು ಸದ್ದಿಲ್ಲದ ಪೇಟಿ ಮೇಲೆ ಅವೇ ಐದು ಕೀ ಮೇಲೆ ಓಡ್ತಾವೆ. ಬಾಯಲ್ಲಿ ಗುನುಗೋದು ಅಭೋಗಿ.

ರೀಡ್‌ಮೇಸ್ತ್ರಿ
ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಅವಳ ಗಾಂಧಾರಕ್ಕೆ ಅಂತ ಇಳಿಸಿದ ಬಿಳಿ ಒಂದು, ಕಪ್ಪು ಎರಡರಿಂದ ಅವನ ಧೈವತ. ಸಮ ಪಾಲಿನಲ್ಲಿ ಅದು 900, 14 ಇಳಿಸಿದ ಮೇಲೆ 886. ಸ್ವಾಭಾವಿಕ ಧೈವತ ಇರೋದು 884ರ ಹತ್ತಿರ. ಅಂದ್ರೆ ಅವಳಿಗೋಸ್ಕರ ಕೆರೆದದ್ದು ಅವನ ಅಭೋಗಿಗೂ ಸರಿಯಾಗಿ ಕೂರುತ್ತೆ. ಊರಿನವರಿಗೆಲ್ಲ ಕೆಟ್ಟ ಪೇಟಿ, ಇವರಿಬ್ಬರಿಗೆ ಮಾತ್ರ ಶ್ರುತಿ.

ಲೆಕ್ಕದಮಾಸ್ತರ
ನನ್ನ ತಕರಾರು ವಾಪಸ್.

ಕೂಸಿನಮನೆ
ಸಂಗೀತ ಬಿಡಿ, ಅವರಿಬ್ಬರೂ ಒಬ್ಬರನ್ನೊಬ್ಬರು ಏನಂತ ಕರೀತಾರೆ? ಯಾರೂ ಕೇಳಲೇ ಇಲ್ಲ. ಶಿರಸಿ ಹವ್ಯಕರ ಮನೆ ಅಂತಾದ್ರೆ ಇದೇ ದೊಡ್ಡ ಪ್ರಶ್ನೆ. ಅವಳು ಅವನಿಗೆ "ಹೆಗಡೇರೇ" ಅಂತಲೋ "ಭಟ್ರೇ" ಅಂತಲೋ ಅನ್ನಬಹುದು, ತೊಂದರೆ ಇಲ್ಲ. ಅವನು? ವಯಸ್ಸಲ್ಲಿ ಸಣ್ಣವಳನ್ನ ಊರೆಲ್ಲ ಕರೆಯೋದು "ತಂಗಿ". ಆ ಶಬ್ದ ಒಂದು ಸಲ ಬಾಯಿಂದ ಬಿದ್ದರೆ ಕಥೆ ಅಲ್ಲಿಗೆ ಖತಂ. ಹೆಸರು ಹಿಡಿದು ಕರೆಯೋಕೆ ಮನೆಯವರೆದುರು ಸಂಕೋಚ. ಹಾಗಾಗಿ ಎಂಟು ವರ್ಷದಲ್ಲಿ ಒಂದು ಸಲವೂ ಅವನು ಅವಳನ್ನ ಏನಂತಲೂ ಕರೆದಿರಬಾರದು. ನಮ್ಮ ಮಾತಿನಲ್ಲಿ ಅದು ಸಲೀಸು: "ಶ್ರುತಿ ಅಡ್ಡಿಲ್ಯ?" (ಪರವಾಗಿಲ್ವಾ) "ಶುರು ಮಾಡ್ಲಕ್ಕ?" ಯಾರಿಗೆ ಅಂತ ಹೇಳಲೇಬೇಕಾಗಿಲ್ಲ.

ಕೂಸಿನಮನೆ
ಇನ್ನೊಂದು. ಹವ್ಯಕರ ಮಾತಲ್ಲಿ ಹೆಂಗಸರಿಗೂ "ಅದು" ಅಂತಲೇ ಹೇಳೋದು. ಅವನು ಬಾಗಿಲಿಗೆ ಬಂದು "ಅದು ಬಂತಾ?" ಅಂತ ಕೇಳಲಿ. ತಬಲಾದವನು "ಯಾವ್ದು? ರಿಪೇರಿಗೆ ಕೊಟ್ಟ ಪೇಟಿಯಾ, ಕೂಸಾ?" ಅನ್ನಲಿ (ಕೂಸು ಅಂದ್ರೆ ಹುಡುಗಿ). ಸಭೆ ನಗುತ್ತೆ, ಅವನ ಕಿವಿ ಕೆಂಪಾಗುತ್ತೆ, ಮುಂದಿನ ಮಾತು ಬೇಡ.

ಕಪ್ಪುನಾಲ್ಕು
ತಬಲಾದವನೇ ಸರಿ. ಕೂರೋ ಕ್ರಮದಲ್ಲಿ ಅವನು ಪೇಟಿಯವನಿಗೆ ಎದುರು, ನಡುವೆ ಹುಡುಗಿ. ಅವಳು ಎದುರಿನ ಸಭೆ ನೋಡ್ತಾ ಇರ್ತಾಳೆ, ಪೇಟಿಯವನು ಅವಳ ಎಡಗೆನ್ನೆ ನೋಡ್ತಾ ಇರ್ತಾನೆ, ಇಬ್ಬರನ್ನೂ ಒಟ್ಟಿಗೆ ನೋಡೋ ಜಾಗ ಇರೋದು ತಬಲಾದವನಿಗೆ ಮಾತ್ರ. ಎಂಟು ವರ್ಷದಿಂದ ಎಲ್ಲ ಗೊತ್ತಿರೋನು ಅವನೊಬ್ಬನೇ ಆಗಿರಲಿ.

ದೇವಿಮನೆಘಾಟಿ
ಕಛೇರಿ ಮುಗಿದ ಮೇಲೆ ಅವಳು ಅವನಿಗೆ ಏನು ಹೇಳ್ತಾಳೆ?

ಕೂಸಿನಮನೆ
"ಇವತ್ತು ಅಡ್ಡಿಲ್ಲೆ." (ಪರವಾಗಿಲ್ಲ)
ಶಿರಸಿಯವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಗೊತ್ತಿಲ್ಲ.

ಅಪ್ಪೆಹುಳಿ
ಕಷಾಯ ಮರೀಬೇಡಿ. ಅಭ್ಯಾಸದ ನಡುವೆ ಅವಳ ಅಮ್ಮ "ಆಸರಿಗೆ ಎಂತ ಅಕ್ಕು?" (ಕುಡಿಯೋಕೆ ಏನು ಬೇಕು) ಅಂತ ಕೇಳಲಿ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಒಳ್ಳೆಮೆಣಸು ಹುರಿದು ಪುಡಿ ಮಾಡಿದ್ದು, ಬೆಲ್ಲ, ಹಾಲು.

ಬಿಡ್ತಿಗೆ
ಹಾಡೋಕೆ ಮೊದಲು ಹಾಲು ಹಾಕಿದ ಕಷಾಯ ಬೇಡ, ಗಂಟಲಲ್ಲಿ ಕಫ ಕಟ್ಟುತ್ತೆ. ಹಾಲಿಲ್ಲದೆ ಕೊಡಿ. ಜ್ಯೇಷ್ಠಮಧುವಿನ ಕಡ್ಡಿ, ಕಲ್ಲುಸಕ್ಕರೆ ಇರಲಿ.

ಅಪ್ಪೆಹುಳಿ
ಹಾಲಿಲ್ಲದ ಕಷಾಯ ಕಷಾಯವೇ ಅಲ್ಲ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡ್ಕೋತೀನಿ ನಿಮ್ಮನ್ನ.

ರೀಡ್‌ಮೇಸ್ತ್ರಿ
ನಟನಿಗೆ ಪೇಟಿ ಬರುತ್ತಾ? ಬರದಿದ್ರೆ ಎರಡು ವಾರ ಎಡಗೈ ಮಾತ್ರ ಕಲಿಸಿ. ನಾಟಕದಲ್ಲಿ ಸಿಕ್ಕಿಬೀಳೋದೇ ಎಡಗೈಯಿಂದ. ಹೊಸಬರು ಸ್ವರಕ್ಕೊಂದು ಸಲ ತಿದಿ ತಳ್ತಾರೆ, ಭತ್ತ ಕುಟ್ಟಿದ ಹಾಗೆ. ಬಲ್ಲವನು ಮೆತ್ತಗೆ ಒಮ್ಮೆ ತುಂಬಿ, ಖಾಲಿ ಆಗೋಕೆ ಮೊದಲೇ ಇನ್ನೊಮ್ಮೆ ತುಂಬ್ತಾನೆ. ಸ್ವರಕ್ಕೂ ಕೈಗೂ ತಾಳೆ ಇರಬಾರದು. ಬಲಗೈ ಸದ್ದು ಪರದೆ ಹಿಂದೆ ನಿಜವಾದ ಪೇಟಿಯವರು ಕೊಡಲಿ. ರೇಡಿಯೋ ದೃಶ್ಯದಲ್ಲಂತೂ ಸದ್ದೇ ಇಲ್ಲ, ಐದು ಕೀ ನೆನಪಿದ್ದರೆ ಸಾಕು.

ಜಗಲಿಕಟ್ಟೆ
ಎಲ್ಲ ಬರ್ಕೊಂಡೆ. ಒಂದು ಉಳೀತು: ಕಾರವಾರದ ದಂಡೆ. ಕೊನೆಗೆ ಹೇಳಬೇಕಾ ಬೇಡ್ವಾ?

ದೇವಿಮನೆಘಾಟಿ
ದಂಡೆ ಬೇಡವೇ ಬೇಡ. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದು, ಕವಿ ಬಂದು ಉಳಿದು ಹೋಗಿದ್ದು, ಅಂದಿನಿಂದ ಪ್ರೀತಿ ಹುಟ್ಟಿದವರೆಲ್ಲ ಅದೇ ದಂಡೆಗೆ ಬರ್ತಾರೆ. ಶಿರಸಿಯಿಂದ ಘಾಟಿ ಇಳಿದು ಅಷ್ಟು ದೂರ ಇವರಿಬ್ಬರನ್ನೇ ಯಾರು ಕಳಿಸ್ತಾರೆ, ಅದೂ 1968ರಲ್ಲಿ?

ಲೆಕ್ಕದಮಾಸ್ತರ
ನಾನು ಹೇಳಿಸಬೇಕು ಅನ್ನೋ ಪಕ್ಷ. 45 ನಿಮಿಷ ಕಾದ ಪ್ರೇಕ್ಷಕನಿಗೆ ಏನೂ ಸಿಗದಿದ್ರೆ ಎದ್ದು ಹೋಗ್ತಾ ಬೈತಾನೆ.

ಕೂಸಿನಮನೆ
ಸಿಗುತ್ತಲ್ಲ. ಧಾರವಾಡದಿಂದ ಅವಳು ವಾಪಸ್ ಬರ್ತಾಳೆ. ಜಗಲಿಯಲ್ಲಿ ಅವನ ಪೇಟಿ ಇದೆ, ಅವನು ಇಲ್ಲ, ಅಂಗಳದ ತುದಿಯಲ್ಲಿ ಕವಳ (ಎಲೆಅಡಿಕೆ) ಉಗಿಯೋಕೆ ಹೋಗಿದ್ದಾನೆ. ಅವಳೇ ಕೂತು ಗಾಳಿ ಕೊಟ್ಟು ಕಪ್ಪು ನಾಲ್ಕು ಒತ್ತಿ ಹಿಡೀತಾಳೆ, ಜೊತೆಗೆ ಬಿಳಿ ಒಂದು. ಅಲೆ ಇಲ್ಲ. ಬೇರೆ ಜಾಗದ ಇನ್ನೊಂದು ಬಿಳಿ ಒಂದು ಒತ್ತುತ್ತಾಳೆ. ಅಲ್ಲೂ ಇಲ್ಲ. ಅವಳಿಗೆ ಗೊತ್ತಾಯ್ತು. ಅವನು ಬಾಯಿ ಒರೆಸಿಕೊಳ್ತಾ ಮೆಟ್ಟಿಲು ಹತ್ತುತ್ತಾನೆ. "ಶುರು ಮಾಡ್ಲಕ್ಕ?"

ಲೆಕ್ಕದಮಾಸ್ತರ
ಕವಳ ಬೇಕಿತ್ತಾ...

ಕೂಸಿನಮನೆ
ಬೇಕು. ಬಾಯಲ್ಲಿ ಕವಳ ಇದ್ದವನಿಗೆ ಮಾತಾಡದಿರೋಕೆ ನೆಪ ಬೇಕಿಲ್ಲ.

ಜಗಲಿಕಟ್ಟೆ
ದಂಡೆ ಕಿತ್ತು ಹಾಕಿದೆ. ತಂಡದ ಹತ್ತಿರ ಒಂದು ಹಳೇ ಡಬಲ್ ರೀಡ್ ಪೇಟಿ ಇದೆ, ದೇವಸ್ಥಾನದ್ದು, ಎರವಲು. ಆ ಕೊನೇ ದೃಶ್ಯಕ್ಕೆ ಅದರ ಬಿಳಿ ಒಂದನ್ನ ನಿಜವಾಗಲೂ ಇಳಿಸಬೇಕಾ ಮೇಸ್ತ್ರಿಗಳೇ?

ರೀಡ್‌ಮೇಸ್ತ್ರಿ
ಅರ ಮುಟ್ಟಿದ್ರೆ ನೋಡಿ! ಪರದೆ ಹಿಂದಿನಿಂದ ತಂಬೂರಿ ಜೋರು ಮಾಡಿ, ನಟಿ ಸರಿಯಾದ ಗಾಂಧಾರ ಗುನುಗಲಿ, ಸಭೆಗೆ ಸಾಕು. ದೇವಸ್ಥಾನದ ಪೇಟಿ ಕೆಟ್ಟರೆ ಶನಿವಾರದ ಭಜನೆಯವರು ನಿಮ್ಮನ್ನ ಬಿಡ್ತಾರಾ?